ಕೆಂಪು ಮಖಮಲ್ಲಿಗೆ ರಾಜಾಜ್ಞೆ

“ಯಾರಲ್ಲಿ! ಆ ಕೆಂಪು ಮಖಮಲ್ ಅಂಗಿ ಕೆಳಗ ಇಳಸ್ರಿ!”

ನಾಟಕದ ಬಟ್ಟೆ ಬಾಡಿಗೆ ಕೊಡುವ ಸಿಂದಗಿಯ ನನ್ನ ಅಂಗಡಿಯಲ್ಲಿ ಕಿರೀಟವನ್ನು ಕಣ್ಣಿಗೊತ್ತಿ, ತಲೆಗಿಟ್ಟುಕೊಂಡು ಹೀಗೆ ಗುಡುಗಿದ್ದು ಯಂಕಂಚಿಯ ನೀಲವ್ವ. ಅವರ ಮಹಿಳಾ ಸಂಘ ಮೊದಲ ಸಲ ನಾಟಕಕ್ಕೆ ಕೈಹಾಕಿತ್ತು. ಹಳೇ ಕಲ್ಯಾಣ ಪಟ್ಟಣದ ಕಥೆ, ರಾಜನ ಪಾತ್ರ ನೀಲವ್ವನದು. ಹೊಸ ಅಂಗಿ ಪಳಗಿದ ಗಂಡಸರಿಗೇ ಇರಲಿ ಎಂದು ನಾನು ಬಣ್ಣ ಹೋದದ್ದನ್ನು ಅವಳ ಮುಂದೆ ಹಾಸಿದ್ದೆ.

“ಹೆಣ್ಮಕ್ಕಳ ನಾಟಕಕ್ಕ ಇದ ಸಾಕವ್ವ,” ಅಂದೆ.

“ಯಣ್ಣಾ, ಇದನ್ನ ಹಾಕ್ಕೊಂಡು ನಿಂತ್ರ ಮಂತ್ರಿ ಪಾತ್ರ ಮಾಡೋ ನನ್ನ ಸೊಸಿನ ನನಗ ಭಿಕ್ಷಾ ನೀಡ್ತಾಳ!”

“ಹೊಸಾದು ಹರದ್ರ?”

“ಹರದವರನ್ನ ಗಲ್ಲಿಗೇರಸ್ತೇನಿ!”

ಚೌಕಾಸಿಯಲ್ಲಿ ಯಾರಿಗೂ ಬಗ್ಗದ ನಾನು ತೆಪ್ಪಗೆ ಸ್ಟೂಲ್ ಹತ್ತಿ ಅಂಗಿ ಇಳಿಸಿಕೊಟ್ಟೆ.

ನನ್ನಂಥ ಅಂಗಡಿಕಾರರಿಗೆ ಹೇಳೋದಿಷ್ಟೇ, ಹೊಸಬರಿಗೆ ಹಳೇ ಬಟ್ಟೆ ಸಾಗಹಾಕಬೇಡ್ರಿ. ಯಾವ ಊರಿನ ನಾಟಕಕ್ಕೆ ಹೋದರೂ ನನ್ನ ಕಣ್ಣು ನನ್ನ ಬಟ್ಟೆಯ ಮೇಲೇ, ಎಲ್ಲಿ ಮೊಳೆಗೆ ಸಿಕ್ಕೀತೋ, ಎಲ್ಲಿ ಬಣ್ಣ ಮೆತ್ತೀತೋ ಎಂಬ ಚಿಂತೆ. ಯಂಕಂಚಿಯಲ್ಲಿ ಮಾತ್ರ ಪರದೆ ಬೀಳುವ ತನಕ ಅಂಗಿಯ ನೆನಪೇ ಆಗಲಿಲ್ಲ. ಬಾಯಿ ತೆರೆದುಕೊಂಡು ರಾಜನನ್ನೇ ನೋಡುತ್ತ ಕೂತಿದ್ದೆ.