ಹತ್ತಿಸೋದು, ಇಳಿಸೋದು

ನನ್ನ ಓರಗಿತ್ತಿಯನ್ನು ನಾನು ಅಕ್ಕ ಅಂತಲೇ ಕರೆಯುವುದು. ಸಿಟಿ ಬಸ್ ಓಡಿಸುತ್ತಾಳೆ, ಮನೆಯಲ್ಲೂ ಹಾರ್ನ್ ಹೊಡೆದ ಹಾಗೇ ಮಾತಾಡುತ್ತಾಳೆ. ಅದೇ ಡಿಪೋದಲ್ಲಿ ಪಾಸ್ ಕೊಡುವ ಕೆಲಸ ನನ್ನದು. ಅಲ್ಲಿದ್ದ ಶಿಶುಮನೆಯನ್ನು ಸರ್ಕಾರ ಮುಚ್ಚಿಸಿತು. ಮಗಳನ್ನು ಬಿಡಲು ಜಾಗವಿಲ್ಲದೆ ರಜೆ ಹಾಕಿ ಕೂತಿದ್ದೇನೆ. ರಜೆ ಮುಗಿಯುವುದರೊಳಗೆ ಅದು ತೆರೆಯದಿದ್ದರೆ ಕೆಲಸ ಹೋದಂತೆಯೇ.

ಇವತ್ತು ಆಳುವ ಪಕ್ಷದವರು ಓಟು ಕೇಳಲು ಬಂದರು. ಮಾವ ಆ ಪಕ್ಷದ ಹಳೇ ಹುಲಿ. "ನಮ್ಮ ಮನೆ ಓಟು ಅಷ್ಟೂ ನಿಮಗೇ" ಅಂದುಬಿಟ್ಟರು.

ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದ ಅಕ್ಕ ತಿರುಗಿದಳು. "ಮಾವಾ, ಮನೆ ನಿಮ್ಮದು. ಓಟು ನಂದು."

"ಏನಮ್ಮಾ, ಹೊಸ ಬಸ್ಸು ಕೊಟ್ಟೋರು ನಾವಲ್ವಾ?" ಅಂದ ಬಂದವರಲ್ಲೊಬ್ಬ.

"ನಿಮ್ಮನೆಯಿಂದ ತಂದು ಕೊಟ್ರಾ? ತಿಂಗಳು ತಿಂಗಳೂ ನನ್ನ ಸಂಬಳದಲ್ಲಿ ತೆರಿಗೆ ಹಿಡೀತೀರಿ. ಹಿಡಿದು, ಕೂಸುಗಳ ಕೋಣೆಗೆ ಬೀಗ ಹಾಕಿದ್ರಿ. ಆ ಬೀಗ ತೆಗೀತೀವಿ ಅಂದೋರಿಗೇ ನನ್ನ ಓಟು."

ಅವರು ಹೋದ ಮೇಲೆ ಮಾವ ಸಿಡುಕಿದರು. "ಅವರೂ ತೆಗೀದೇ ಹೋದ್ರೆ ಏನ್ಮಾಡ್ತೀಯೇ?"

"ಅವರನ್ನೂ ಇಳಿಸ್ತೀನಿ. ಹತ್ತಿಸೋದು, ಇಳಿಸೋದು ನನಗೇನು ಹೊಸದಾ ಮಾವಾ?"

ಮಾವನಿಗೆ ನಗು ತಡೆಯಲಾಗಲಿಲ್ಲ, ಸಿಟ್ಟೂ ಇಳಿಯಲಿಲ್ಲ. ನನ್ನ ಕಡೆ ತಿರುಗಿ, "ನೀನಾದ್ರೂ ನಮ್ಮ ಕಡೆ ತಾನೇ?" ಅಂದರು.

ಮಗಳು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದಳು. "ನಾನು ಅಕ್ಕನ ಬಸ್ ಹತ್ತಿ ಆಯ್ತು ಮಾವಾ" ಅಂದೆ, ಮಗು ಏಳದ ಹಾಗೆ, ಮೆಲ್ಲಗೆ.