ಟೀಚರ್ ಫಾರ್ಮ್ಯಾಟ್ ಮಾಡುವುದನ್ನು ಬಿಟ್ಟ ವರ್ಷ

ಹೋದ ವಾರ ಮನೆಯ ಕಂಪ್ಯೂಟರ್ ಶುರುವಾಗಲೇ ಇಲ್ಲ. ಗುಂಡಿ ಒತ್ತಿದರೆ ಮೂರು ಸಲ ಕುಂಯ್ ಎಂದು ಸುಮ್ಮನಾಗುತ್ತಿತ್ತು. ಡಬ್ಬದ ಪಕ್ಕದ ತಗಡು ಬಿಚ್ಚಿ, ಒಳಗಿನ ರ‍್ಯಾಮ್ ಪಟ್ಟಿ ಕಿತ್ತು, ಅದರ ಹೊಂಬಣ್ಣದ ಅಂಚನ್ನು ಮಗಳ ಹಳೆಯ ಕಂಪಾಸ್ ಪೆಟ್ಟಿಗೆಯಲ್ಲಿ ಸಿಕ್ಕ ರಬ್ಬರಿನಿಂದ ಉಜ್ಜಿದೆ. ಅದು ಸೆಂಟು ರಬ್ಬರು. ಎಷ್ಟು ವರ್ಷ ಮುಚ್ಚಿಟ್ಟಿದ್ದರೂ ಉಜ್ಜಿ ಬಿಸಿಯಾದ ಕೂಡಲೇ ಆ ಸಿಹಿ ವಾಸನೆ ಎದ್ದಿತು. ಕೈ ಅಲ್ಲೇ ನಿಂತಿತು... ಟೈಪಿಂಗ್ ಟೀಚರ್ ನೆನಪಾದರು. ಹೀಗೆ ಉಜ್ಜುವುದನ್ನು ನನಗೆ ಕಲಿಸಿದವರು ಅವರೇ. ಮಕ್ಕಳು ಬಳಸುವ ಗುಲಾಬಿ ಬಣ್ಣದ ಸೆಂಟು ರಬ್ಬರೇ ಆಗಬೇಕಿತ್ತು ಅವರಿಗೆ.

ಚನ್ನಗಿರಿಯಲ್ಲಿ ನಮ್ಮ ಬೀದಿಯ ಕೊನೆಯ ಮನೆ ಅವರದು. ಹುಟ್ಟಿದೂರು ಹೊನ್ನಾಳಿ. ಗಂಡ ತೀರಿಕೊಂಡ ಮೇಲೆ ಮುಂದಿನ ಕೋಣೆಯಲ್ಲಿ ಆರು ಟೈಪ್‌ರೈಟರ್ ಇಟ್ಟುಕೊಂಡು ಕಲಿಸುತ್ತಿದ್ದರು. ಮದುವೆಯಾಗಿ ಈ ಊರಿಗೆ ಬಂದ ಹೊಸತರಲ್ಲಿ ನಾನೂ ಅಲ್ಲಿಗೆ ಹೋದೆ. ಎರಡೇ ವರ್ಷದಲ್ಲಿ ಟೈಪಿಂಗ್ ಕಲಿಯಲು ಬರುವವರು ನಿಂತುಹೋದರು. ಟೀಚರ್ ಎದೆಗುಂದಲಿಲ್ಲ. ಯಾರೋ ಬೇಡವೆಂದು ಬಿಟ್ಟುಹೋದ ಒಂದು ಕಂಪ್ಯೂಟರನ್ನು ತಂದು, ಹಾಸಿಗೆಯ ಮೇಲೆ ಬಿಚ್ಚಿ ಹರವಿ, ಮತ್ತೆ ಜೋಡಿಸಿದರು. ಜೋಡಿಸಿದ ಮೇಲೆ ನಾಲ್ಕು ಸ್ಕ್ರೂ ಉಳಿದಿದ್ದವು. ಅವಿಲ್ಲದೆಯೇ ಅದು ಓಡಿತು. ಆಗ ಅವರಿಗೆ ಐವತ್ತು ದಾಟಿತ್ತು.

ಮನೆಮನೆಗೆ ಕಂಪ್ಯೂಟರ್ ಬರುತ್ತಿದ್ದ ಕಾಲ ಅದು. ತಂದ ನಾಲ್ಕು ತಿಂಗಳಿಗೆ ಎಲ್ಲರದೂ ಒಂದೇ ದೂರು, ನಿಧಾನವಾಗಿದೆ ಎಂದು. ಎಲ್ಲರಿಗೂ ಗೊತ್ತಿದ್ದ ಮದ್ದೂ ಒಂದೇ. ಎಲ್ಲವನ್ನೂ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಿಸುವುದು. ಅದಕ್ಕೆ ನಮ್ಮ ಕಡೆ 'ಫಾರ್ಮ್ಯಾಟ್ ಹೊಡೆಸೋದು' ಎನ್ನುತ್ತಿದ್ದರು. ಟೀಚರೇ ಅದಕ್ಕೊಂದು ಲೆಕ್ಕ ಮಾಡಿಟ್ಟಿದ್ದರು.

"ಯುಗಾದಿಗೊಂದ್ ಸಲ, ದೀಪಾವಳಿಗೊಂದ್ ಸಲ. ಮನೆಗೆ ಸುಣ್ಣ ಹೊಡಿಯಲ್ವೇನಮ್ಮ, ಹಂಗೆ."

ಜನಕ್ಕೆ ಈ ಮಾತು ಹಿಡಿಸಿಬಿಟ್ಟಿತ್ತು. ಹಬ್ಬದ ಹಿಂದುಮುಂದಿನ ವಾರಗಳಲ್ಲಿ ಸಂತೇಬೆನ್ನೂರು, ಬಸವಾಪಟ್ಟಣದಿಂದಲೂ ಸಿಪಿಯು ಡಬ್ಬಗಳು ಬಸ್ಸಿನಲ್ಲಿ, ತೊಡೆಯ ಮೇಲೆ ಕೂತು, ಬೆಡ್‌ಶೀಟ್ ಸುತ್ತಿಕೊಂಡು ಬರುತ್ತಿದ್ದವು. ಟೀಚರ್ ಸಾಲಾಗಿ ಇಟ್ಟುಕೊಂಡು ಒಂದಾದ ಮೇಲೊಂದು ಮಾಡುತ್ತಿದ್ದರು. ನಾನು ಮಧ್ಯಾಹ್ನ ಮನೆಗೆಲಸ ಮುಗಿಸಿ ಹೋಗಿ ಜೊತೆಗೆ ಕೂರುತ್ತಿದ್ದೆ. ಪರದೆ ಕಪ್ಪಾಗಿ, ನೀಲಿಯಾಗಿ, ಕೊನೆಗೆ ಹೊಚ್ಚ ಹೊಸದಾಗಿ ತೆರೆದುಕೊಂಡಾಗ ಅವರು ಸೆರಗಿನಿಂದ ಒಮ್ಮೆ ಒರೆಸಿ ನೋಡುತ್ತಿದ್ದ ಖುಷಿ...

ಒಂದು ಯುಗಾದಿಗೆ ಮುಂಚೆ, ನಮ್ಮೂರಿಗೆ ಕೆಲಸಕ್ಕೆ ಬಂದಿದ್ದ ಒಬ್ಬರು ತಮ್ಮ ಮಾವನ ಕಂಪ್ಯೂಟರ್ ತಂದರು. ಮಾವ ಇದ್ದದ್ದು ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ. ಅಳಿಯ ಹಬ್ಬಕ್ಕೆ ಹೋದಾಗ ವಾಪಸ್ ಕೊಡುವುದೆಂದು ಡಬ್ಬ ಹೊತ್ತು ತಂದಿದ್ದರು. ಒಳಗೆ ಏನಾದರೂ ಬೇಕಾದದ್ದು ಇದೆಯಾ ಎಂದು ಟೀಚರ್ ಕೇಳಿದರು. ಅವರು ನಕ್ಕರು.

"ಏನೂ ಇಲ್ಲ ಬಿಡ್ರಿ ಟೀಚರೇ. ನಮ್ ಮಾವ ಇಸ್ಪೀಟ್ ಆಡಾಕೆ ಇಟ್ಕಂಡಾರೆ. ಹೊಡೆದುಬಿಡ್ರಿ."

ಟೀಚರ್ ಹೊಡೆದುಬಿಟ್ಟರು. ನಾನೇ ಪಕ್ಕದಲ್ಲಿದ್ದೆ. ಮುಂದಿನ ಗಿರಾಕಿಯ ಡಬ್ಬವನ್ನು ನಾನೇ ಎತ್ತಿಕೊಟ್ಟೆ.

ಹಬ್ಬ ಮುಗಿಸಿ ಬಂದ ಅಳಿಯನ ಮುಖ ಇಳಿದುಹೋಗಿತ್ತು. ಆಗ ವಿಷಯ ತಿಳಿಯಿತು. ಮಾವ ನಿವೃತ್ತ ಅಂಚೆಯವರು. ಸೊಕ್ಕೆಯದು ಮಳೆಯನ್ನೇ ನಂಬಿದ ಬೇಸಾಯ. ಕೆಲಸದ ದಿನಗಳಲ್ಲಿ ಮನೆಗಳಲ್ಲಿ ಯಾರೂ ಇರುವುದಿಲ್ಲ, ಕಾಗದ ಕೊಡಬೇಕೆಂದರೆ ಹೊಲಕ್ಕೇ ಹೋಗಬೇಕು. ಹೀಗಾಗಿ ಆ ಸೀಮೆಯ ಒಂದೊಂದು ಹೊಲದ ಹೆಸರೂ ಆ ಹೆಸರು ಬಂದ ಕಥೆಯೂ ಅವರಿಗೆ ಗೊತ್ತಿತ್ತು. ಕುದುರೆ ಬಿದ್ದ ಹೊಲ, ಮುದುಕಿ ಗೆದ್ದ ಹೊಲ, ಎರಡು ಬೇವಿನ ಹೊಲ, ಅತ್ತೆ ಸೊಸೆ ಹೊಲ... ಇವನ್ನೆಲ್ಲ ಅವರು ಮೂರು ವರ್ಷ ಒಂದೇ ಬೆರಳಿನಲ್ಲಿ ಟೈಪ್ ಮಾಡಿ, ಬೇಗ ಸಿಗಲಿ ಎಂದು ಪರದೆಯ ಮೇಲೇ ಇಟ್ಟುಕೊಂಡಿದ್ದರು. ಮನೆಯವರಿಗೆ ಹೇಳಿರಲಿಲ್ಲ. ಮುಗಿದ ಮೇಲೆ ತೋರಿಸೋಣ ಎಂದುಕೊಂಡಿದ್ದರಂತೆ. ಫಾರ್ಮ್ಯಾಟ್ ಎಂದರೆ ಎಲ್ಲ ಅಳಿಸುವುದೆಂದು ಅವರಿಗೂ ಗೊತ್ತಿರಲಿಲ್ಲ.

ಟೀಚರ್ ಎರಡು ದಿನ ಊಟ ಸರಿಯಾಗಿ ಮಾಡಲಿಲ್ಲ. ಡಬ್ಬ ವಾಪಸ್ ತರಿಸಿ, ಅಳಿಸಿದ್ದನ್ನು ಹುಡುಕಿ ಕೊಡುವ ತಂತ್ರಾಂಶಗಳನ್ನೆಲ್ಲ ಹಾಕಿ ನೋಡಿದರು. ಸಿಕ್ಕದ್ದು ಒಂದೂವರೆ ಪುಟ, ಅದೂ ಅರ್ಧ ಅಕ್ಷರ, ಅರ್ಧ ಚಿಹ್ನೆ. ಬಸ್‌ಸ್ಟ್ಯಾಂಡಿನ ಹತ್ತಿರ ಇದೇ ಕೆಲಸ ಮಾಡುತ್ತಿದ್ದ ಒಬ್ಬರು ಉಪಾಯ ಹೇಳಿದರು. ಹಾರ್ಡ್ ಡಿಸ್ಕೇ ಸುಟ್ಟುಹೋಗಿತ್ತು ಅನ್ನಿ, ಯಾರಿಗೆ ತಿಳಿಯುತ್ತದೆ? ನನಗೂ ಅದೇ ಸರಿ ಎನ್ನಿಸಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಟೀಚರ್ ನನ್ನ ಮುಖ ನೋಡಿ, "ಭಾನುವಾರ ಬಿಡುವೈತಾ ನಿನಗೆ?" ಎಂದಷ್ಟೇ ಕೇಳಿದರು.

ಡಬ್ಬವನ್ನೂ ಹೊತ್ತುಕೊಂಡು, ದಾವಣಗೆರೆಯಲ್ಲಿ ಒಮ್ಮೆ, ಜಗಳೂರಿನಲ್ಲಿ ಒಮ್ಮೆ ಬಸ್ಸು ಬದಲಿಸಿ ಸೊಕ್ಕೆ ಮುಟ್ಟುವಷ್ಟರಲ್ಲಿ ಹನ್ನೊಂದು ಗಂಟೆ. ಆ ಮಾವ, ಊರವರ ಬಾಯಲ್ಲಿ ಅಂಚೆ ಅಜ್ಜ, ಜಗುಲಿಯ ಮೇಲೆ ಕೂತಿದ್ದರು. ತೆಳ್ಳಗೆ, ನೆಟ್ಟಗೆ. ಟೀಚರ್ ಕೂರಲಿಲ್ಲ. ನಿಂತೇ ಹೇಳಿದರು.

"ಯಜಮಾನ್ರೇ, ಅಳಿಸಿದೋಳು ನಾನು. ಕೇಳಿದ್ದೆ, ಆದ್ರೆ ತೆಗೆದು ನೋಡ್ಲಿಲ್ಲ. ನೋಡಿದ್ರೆ ಕಾಣಿಸ್ತಿತ್ತು."

"ಎಲ್ಲಾ ಹೋಯ್ತಾ?"

"ಎಲ್ಲಾ."

ಅಜ್ಜ ಎದ್ದರು. ಟವೆಲ್ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ, ನಮ್ಮ ಮುಂದೆಯೇ ಬೀದಿಗಿಳಿದು ಹೊಲದ ಕಡೆ ನಡೆದುಬಿಟ್ಟರು. ನಾವು ಮೂರು ಗಂಟೆಯವರೆಗೆ ಕಾದೆವು. ಅಜ್ಜನ ಸೊಸೆ ಮಂಡಕ್ಕಿ, ಚಹ ಕೊಟ್ಟು, ಅವರು ಹಾಗೇ ಎಂದು ಸಂಕೋಚಪಟ್ಟರು. ಅಜ್ಜ ಬರಲಿಲ್ಲ. ಬಸ್ಸಿನಲ್ಲಿ ಟೀಚರ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಮುಂದಿನ ಭಾನುವಾರ ಅವರು ಮತ್ತೆ ಹೊರಟರು. ಅಂದೂ ಅಜ್ಜ ಮಾತಾಡಲಿಲ್ಲ, ಆದರೆ ಎದ್ದೂ ಹೋಗಲಿಲ್ಲ. ಮೂರನೆಯ ಭಾನುವಾರ ನಾವು ಹೋದಾಗ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿದ್ದರು. ಅಜ್ಜ ಒಂದರಲ್ಲಿ ಕೂತು, ಯಾರ ಮುಖವನ್ನೂ ನೋಡದೆ ಕೇಳಿದರು.

"ಟೀಚರಮ್ಮ, ನಾನು ಹೇಳ್ತಾ ಹೋದ್ರೆ ನಿಮ್ ಕೈ ಅಷ್ಟು ಬೇಗ ಓಡುತ್ತಾ?"

"ನೀವು ಹೇಳ್ರಿ ಯಜಮಾನ್ರೇ. ನನ್ನ ಕೈ ಚಿಂತೆ ನನಗೆ ಬಿಡ್ರಿ."

ಟೈಪ್‌ರೈಟರ್‌ನಲ್ಲಿ ಪಳಗಿದ ಕೈ ಅದು. ಪರದೆಯನ್ನೂ ನೋಡದೆ, ಕೀಲಿಗಳನ್ನೂ ನೋಡದೆ, ಅಜ್ಜನ ಬಾಯನ್ನೇ ನೋಡುತ್ತ ಟೈಪ್ ಮಾಡುತ್ತಿದ್ದರು. ಅಜ್ಜ ಮಾತು ಮುಗಿಸಿದ ಗಳಿಗೆಗೆ ಕೀಲಿಯ ಸದ್ದೂ ನಿಲ್ಲುತ್ತಿತ್ತು. ಒಂದು ತಿಂಗಳು ತಾನು ತಿಣುಕಿದ್ದು ಒಂದು ಮಧ್ಯಾಹ್ನಕ್ಕೆ ಮುಗಿದದ್ದನ್ನು ಕಂಡು ಅಜ್ಜನಿಗೆ ಮೊದಲ ಸಲ ನಗು ಬಂತು. ಹೀಗೆ ಶುರುವಾದದ್ದು ಮಳೆಗಾಲ ದಾಟಿ, ಮೆಕ್ಕೆಜೋಳದ ಕಟಾವಿನವರೆಗೂ ನಡೆಯಿತು. ಒಂದೆರಡು ಭಾನುವಾರ ಬಿಟ್ಟರೆ ನಾನೂ ಹೋದೆ. ಬರೆದದ್ದನ್ನು ಪ್ರತಿ ಸಲ ಎರಡು ಸಿಡಿಗೆ ಹಾಕಿ, ಒಂದನ್ನು ಅಜ್ಜನ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಇನ್ನೊಂದನ್ನು ಚನ್ನಗಿರಿಗೆ ತರುವುದು ನನ್ನ ಕೆಲಸ.

ಕೆಲವು ಹೊಲಗಳ ಕಥೆ ಅಜ್ಜನಿಗೆ ಮರೆತಿತ್ತು. ಆಗ ಮೂವರೂ ಎದ್ದು ಹೊಲಕ್ಕೇ ಹೋಗುತ್ತಿದ್ದೆವು. ಒಂದು ಸಲ ದಾರಿಯಲ್ಲಿ ಸಿಕ್ಕ ಅತ್ತೆ ಸೊಸೆ ಹೊಲದ ಬದುವಿನ ಮೇಲೆ ನಿಂತು ಅಜ್ಜ, ಅತ್ತೆ ಸೊಸೆ ಜಗಳವಾಡಿ ಹೊಲವನ್ನು ಎರಡು ಪಾಲು ಮಾಡಿಕೊಂಡ ಕಥೆ ಹೇಳುತ್ತಿದ್ದರು. ಕಳೆ ಕೀಳುತ್ತಿದ್ದ ಒಬ್ಬ ಹೆಂಗಸು ಕುಡುಗೋಲು ನೆಲಕ್ಕಿಟ್ಟು ಎದ್ದಳು.

"ಅಂಚೆ ಅಜ್ಜಾ, ಅದು ಹಂಗಲ್ಲ. ಗಂಡಸ್ರು ಇಬ್ರೂ ಪ್ಲೇಗಿನಾಗೆ ಹೋದ್ಮ್ಯಾಲೆ ಅತ್ತೆ ಸೊಸೆ ಇಬ್ರೇ ನೊಗ ಹೊತ್ತು ಉತ್ತಿದ್ದು ಇದನ್ನ. ನಮ್ ಮುತ್ತಜ್ಜಿ ಕಣಜ್ಜಾ ಆ ಸೊಸೆ!"

ಅಜ್ಜ ಆ ಕಥೆಯನ್ನು ಅವಳ ಬಾಯಿಂದ ಇನ್ನೊಮ್ಮೆ ಹೇಳಿಸಿದರು. ಮೂವತ್ತೈದು ವರ್ಷ ತಪ್ಪು ಕಥೆ ಹೇಳಿಕೊಂಡು ಓಡಾಡಿದ್ದೆ ಎಂದು ಆಮೇಲೆ ದಾರಿಯುದ್ದಕ್ಕೂ ಪೇಚಾಡಿಕೊಂಡರು. ಆ ದಿನದಿಂದ ಊರಿಗೇ ವಿಷಯ ಹಬ್ಬಿತು. ಭಾನುವಾರ ನಾವು ಬಸ್ಸಿಳಿಯುವಷ್ಟರಲ್ಲಿ ಯಾರಾದರೊಬ್ಬರು ಜಗುಲಿಯ ಮೇಲೆ ಕಾಯುತ್ತಿರುತ್ತಿದ್ದರು, ನಮ್ಮ ಹೊಲದ ಹೆಸರೂ ಬರೆದುಕೊಳ್ಳಿ ಎಂದು. ಕೆಲಸ ಮುಗಿದಾಗ ಅಜ್ಜ ಮೊದಲು ಬರೆದಿದ್ದಕ್ಕಿಂತ ಹೆಚ್ಚು ಹೊಲಗಳು ಸೇರಿದ್ದವು. ಚನ್ನಗಿರಿಯಲ್ಲಿ ಝೆರಾಕ್ಸ್ ಮಾಡಿಸಿ, ಸುರುಳಿ ತಂತಿ ಹಾಕಿಸಿ, ಕಟ್ಟುಗಳನ್ನು ಹೊತ್ತುಕೊಂಡು ಹೋದೆವು. ಅಜ್ಜ ಮೊದಲ ಪ್ರತಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಟೀಚರ್ ಕೈಗೇ ಇಟ್ಟರು.

"ಮೊದಲಿಂದು ನಾನೊಬ್ನೇ ಬರೆದಿದ್ದೆ ತಾಯಿ. ಹೋಗಿದ್ದೇ ಚಲೋ ಆತು."

ಟೀಚರ್ ಇಲ್ಲವೆಂದು ತಲೆಯಾಡಿಸಿದರು. ಚಲೋ ಆಯಿತೆಂದು ಅವರು ಎಂದೂ ಒಪ್ಪಲಿಲ್ಲ. ಆ ವರ್ಷದ ದೀಪಾವಳಿಗೆ ಬೆಡ್‌ಶೀಟ್ ಸುತ್ತಿಕೊಂಡು ಬಂದ ಡಬ್ಬಗಳನ್ನು ಒಂದೊಂದಾಗಿ ಬಿಚ್ಚಿ, ಒಳಗಿನ ಧೂಳನ್ನು ಬಣ್ಣದ ಬ್ರಷ್‌ನಿಂದ ಕೊಡವಿ, ಬೇಡದ್ದನ್ನಷ್ಟೇ ತೆಗೆದು ಹಾಗೇ ಕಳಿಸಿದರು. ಆರು ತಿಂಗಳಾಯಿತಲ್ಲ, ಹೊಡೆಯಿರಿ ಎಂದು ಜಗಳಕ್ಕೆ ನಿಂತವರಿದ್ದರು. ಅವರಿಗೆ ಒಂದೇ ಉತ್ತರ.

"ಒಂದ್ ಸಲ ಸರಿಯಾಗಿ ಹಾಕಿದ್ದು ಕೆಡೋವರ್ಗೂ ಇರ್ಲಿ ಬಿಡ್ರಿ. ನಿಧಾನ ಆಗೈತೆ ಅಂದ್ರೆ ಯಾಕೆ ಅಂತ ಮೊದ್ಲು ನೋಡಾನ."

ಹಾಗೆ ನೋಡಲು ಹೋಗಿಯೇ ನ್ಯಾಮತಿಯ ದರ್ಜಿಯೊಬ್ಬರ ಸಂಕಟ ಕಳೆಯಿತು. ಆ ಮನೆಯ ಕಂಪ್ಯೂಟರಿಗೆ ವರ್ಷಕ್ಕೆ ನಾಲ್ಕು ಸಲ ಬೇರೆ ಯಾರೋ ಫಾರ್ಮ್ಯಾಟ್ ಮಾಡುತ್ತಿದ್ದರು. ಮಾಡಿದ ಹದಿನೈದೇ ದಿನಕ್ಕೆ ಮತ್ತೆ ಅದೇ ಕಥೆ. ಟೀಚರ್ ತಗಡು ಬಿಚ್ಚಿದರೆ ಒಳಗಿನ ಫ್ಯಾನಿಗೆ ಬಟ್ಟೆಯ ನಾರು ಸುತ್ತಿ ಸುತ್ತಿ ಹಕ್ಕಿಗೂಡಿನಂತೆ ಗಟ್ಟಿಯಾಗಿತ್ತು. ಹೊಲಿಗೆ ಯಂತ್ರದ ಪಕ್ಕದಲ್ಲೇ ಕಂಪ್ಯೂಟರ್ ಇಟ್ಟಿದ್ದರು. ಕಾದು ಕಾದು ಅದು ಕುಂಟುತ್ತಿತ್ತು, ಪಾಪ. ನಾರು ಕಿತ್ತು, ಕಂಪ್ಯೂಟರನ್ನು ಒಳಕೋಣೆಗೆ ಇಡಿಸಿ ಬಂದರು. ಆರು ವರ್ಷ ಅದರ ಸುದ್ದಿ ಬರಲಿಲ್ಲ. ಬೇಗ ಹೊಡೆಸಿಕೊಂಡು ಹೋಗಬೇಕೆನ್ನುವ ಗಿರಾಕಿಗಳೆಲ್ಲ ಬಸ್‌ಸ್ಟ್ಯಾಂಡಿನ ಕಡೆ ಹೋದರು. ಟೀಚರ್ ಮನೆಯಲ್ಲಿ ಈಗ ಡಬ್ಬಗಳಿಗಿಂತ ಜಾಗವೇ ಹೆಚ್ಚಿತ್ತು. ಅದಕ್ಕವರು ಬೇಸರಪಟ್ಟದ್ದನ್ನು ನಾನು ಕಾಣೆ. ಭಾನುವಾರಗಳಂದು ಆಗೀಗ ಸೊಕ್ಕೆಗೆ ಹೋಗಿಬರುತ್ತಿದ್ದರು. ಅಜ್ಜ ತೀರಿಕೊಂಡ ಮೇಲೂ ಹೋಗುತ್ತಿದ್ದರು...

ಮಂಡಿನೋವು ಹೆಚ್ಚಾದ ಮೇಲೆ ಟೀಚರ್ ಚನ್ನಗಿರಿ ಬಿಟ್ಟು ಹೊನ್ನಾಳಿಗೆ ತಮ್ಮನ ಮನೆಗೆ ಹೋದರು. ಫೋನಿನಲ್ಲಿ ಮಾತಾಡುತ್ತಿದ್ದೆವು. ಬರುತ್ತೇನೆ ಎನ್ನುತ್ತಲೇ ನಾನು ಎರಡು ವರ್ಷ ಕಳೆದೆ. ಹೊನ್ನಾಳಿ ಏನು ದೂರವಲ್ಲ, ಅದೇ ತಪ್ಪಾಯಿತು. ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ನನಗೆ ಜ್ವರ. ಹೋಗಲು ಆದದ್ದು ಹದಿನೈದು ದಿನ ಕಳೆದ ಮೇಲೆ.

ತಮ್ಮನ ಹೆಂಡತಿ ಬಾಗಿಲಲ್ಲೇ ಕೈ ಹಿಡಿದುಕೊಂಡರು. ಒಳಗೆ ಕೂರಿಸಿ, ನೀರು ಕೊಟ್ಟು, ಮೊದಲು ಕೇಳಿದ್ದೇ ಇದು.

"ಅಲ್ಲ ಕಣ್ರೀ, ಸೊಕ್ಕೆಯೋರು ಅಂತ ಎರಡು ಟೆಂಪೋ ಜನ ಬಂದಿದ್ರು ಮಣ್ಣಿಗೆ. ಹೆಂಗಸ್ರು ಕೂತು ಅತ್ರು. ನಮಗೆ ಆ ಕಡೆ ನೆಂಟ್ರೇ ಇಲ್ಲ. ನಮ್ ಅತ್ತಿಗೆಗೆ ಅವ್ರು ಏನಾಗ್ಬೇಕು?"

ಟೀಚರ್ ಮನೆಯವರಿಗೆ ಏನನ್ನೂ ಹೇಳಿರಲಿಲ್ಲ. ತಪ್ಪನ್ನೂ ಹೇಳಿರಲಿಲ್ಲ, ಅದನ್ನು ತಿದ್ದಿಕೊಂಡದ್ದನ್ನೂ ಹೇಳಿರಲಿಲ್ಲ. ನಾನು, ಅಳಿಯ ಡಬ್ಬ ಹೊತ್ತು ತಂದ ದಿನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ತಮ್ಮನೂ ಬಂದು ಹೊಸ್ತಿಲ ಮೇಲೆ ಕೂತರು. ಮುಗಿದ ಮೇಲೆ ತಮ್ಮ, "ಚಿಕ್ಕೋಳಿದ್ದಾಗ್ಲೂ ಹಂಗೇ ಇದ್ಲು ನಮ್ಮಕ್ಕ," ಎಂದು ಎದ್ದು ಹಿತ್ತಲಿಗೆ ಹೋದರು.

ರಬ್ಬರಿನಿಂದ ಉಜ್ಜಿದ ಮೇಲೆ ನನ್ನ ಕಂಪ್ಯೂಟರ್ ಈಗ ಚೆನ್ನಾಗಿ ಓಡುತ್ತಿದೆ. ಕೊಂಡ ದಿನ ಹಾಕಿದ ವಿಂಡೋಸೇ ಇದೆ, ಇದು ಏಳನೆಯ ವರ್ಷ. ಇದನ್ನು ಅದರಲ್ಲೇ ಟೈಪ್ ಮಾಡಿದೆ. ಹಿಂದೆಲ್ಲ ನಾನು ಬರೆದ ಹಾಳೆಯನ್ನು ಟೀಚರ್ ಕೆಂಪು ಪೆನ್ನು ಹಿಡಿದು ಓದುತ್ತಿದ್ದರು. ಇವತ್ತು ನಾನೇ ಎರಡು ಸಲ ಓದಿದೆ. ತಪ್ಪುಗಳು ಉಳಿದಿರಬಹುದು.