ಬೀಗರ ಚೆಂಡಿಗೆ ಬಂದ ಹೊಳಪು

ಹೊಗೆಯಾಡುವ ಕಾಫಿ ತುಂಬಿದ ಸ್ಟೀಲ್ ಲೋಟವನ್ನು ನಮ್ಮ ಬೀಗರು ಅಂಚಿನಲ್ಲಿ ಹಿಡಿಯುತ್ತಿರಲಿಲ್ಲ. ಬಲಗೈ ಹೆಬ್ಬೆರಳನ್ನು ಲೋಟದ ಮೈಗೇ ಒತ್ತಿ, ಬಿಸಿ ಅನ್ನುವುದೇ ಇಲ್ಲದವರಂತೆ ಎತ್ತುತ್ತಿದ್ದರು. ಆ ಬೆರಳು ಜಡ್ಡುಗಟ್ಟಿ ಕೊಂಬಿನಂತಾಗಿತ್ತು. ಮಗಳ ಮದುವೆ ಮಾತುಕತೆಯ ದಿನ ಅದನ್ನು ನೋಡಿ, ಹೊಲ ಉತ್ತ ಕೈ ಎಂದು ಗೌರವದಿಂದ ಅಂದುಕೊಂಡೆ. ಉತ್ತವರು ಅವರ ತಂದೆ. ಇವರ ಜಡ್ಡು ಬೌಲಿಂಗ್ ಚೆಂಡಿನ ತೂತಿನದು; ಕ್ರಿಕೆಟ್ಟಿನದಲ್ಲ, ಮಾಲುಗಳಲ್ಲಿ ತೂತಿಗೆ ಬೆರಳು ತೂರಿಸಿ ಉರುಳಿಸಿ ಪಿನ್ನುಗಳನ್ನು ಬೀಳಿಸುವ ಭಾರದ ಚೆಂಡು.

ಹೂಟಗಳ್ಳಿಯ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಅವರಿಗೆ ಈ ಹುಚ್ಚು ಹಿಡಿಯಿತು. ಅದಕ್ಕೂ ಮೊದಲೇ ಹಿಡಿದಿತ್ತು ಎಂದು ಮಗಳು ತಿದ್ದುತ್ತಾಳೆ. ಇರಬಹುದು. ನನ್ನ ನೆನಪು ತನಗೆ ಬೇಕಾದ ಹಾಗೆ ಕತೆ ಕಟ್ಟುತ್ತದೆ, ಹುಷಾರಾಗಿ ಓದಿ.

ಅವರು ಆಡುತ್ತಿದ್ದ ಮಾಲ್ ಸಿದ್ಧಾರ್ಥನಗರದ ನಮ್ಮ ಮನೆಗೆ ಹತ್ತಿರ. ಸ್ಕೂಟರಿನಲ್ಲಿ ಕಾಲ ಬಳಿ ಚೆಂಡಿಟ್ಟುಕೊಂಡು ಬಂದರೆ ರಸ್ತೆಯ ಪ್ರತಿ ಹಂಪಿಗೂ ಅದು ಪಾದದ ಮೇಲೆ ಬಂದು ಕೂರುತ್ತಿತ್ತು. ಹಾಗಾಗಿ ಚೆಂಡು ನಮ್ಮಲ್ಲೇ ಠಿಕಾಣಿ ಹೂಡಿತು. ಬಂದಾಗಲೆಲ್ಲ ವರಾಂಡದಲ್ಲಿ ಕೂತು, ಅದನ್ನು ಮಡಿಲಲ್ಲಿಟ್ಟುಕೊಂಡು, ನೀರು ಚಿಮುಕಿಸಿ ಸ್ಯಾಂಡ್‌ಪೇಪರಿನಿಂದ ಉಜ್ಜುತ್ತಿದ್ದರು. ಮಗುವಿಗೆ ನೀರು ಹಾಕುವ ಅಜ್ಜಿಯರ ಗತ್ತು.

"ಒಳ್ಳೇ ಚೆಂಡನ್ನ ಯಾಕ್ರೀ ಕೆಡಿಸ್ತೀರಿ?" ಎಂದೆ ಒಮ್ಮೆ.

"ಕೆಡಿಸ್ತಾ ಇಲ್ಲ ಕಣ್ರೀ, ಬುದ್ಧಿ ಕಲಿಸ್ತಾ ಇದೀನಿ. ಚೆಂಡು ಉರುಳೋ ಲೇನಿಗೆ ಎಣ್ಣೆ ಬಳಿದಿರ್ತಾರೆ. ಚೆಂಡಿನ ಮೈ ನುಣ್ಣಗಿದ್ರೆ ಜಾರ್ಕೊಂಡು ನೆಟ್ಟಗೆ ಓಯ್ತದೆ. ಒರಟಾಗಿದ್ರೆ ನೆಲ ಇಡ್ಕೊಂಡು ತಿರುಗ್ತದೆ. ಎಲ್ಲಿ ತಿರುಗ್ಬೇಕು ಅನ್ನೋದನ್ನ ಈ ಕಾಗದದಲ್ಲೇ ಹೇಳ್ಕೊಡ್ಬೇಕು."

ಒಂದು ವರ್ಷ ದಸರೆಗೆ ಮುಂಚೆ ಅವರ ಉಜ್ಜಾಟ ವಿಪರೀತವಾಗಿತ್ತು. ಭುಜದ ಆಪರೇಷನ್ ನಿಗದಿಯಾಗಿತ್ತು; ಆಮೇಲೆ ಚೆಂಡು ಎತ್ತುವ ಹಾಗಿಲ್ಲ ಎಂದು ಡಾಕ್ಟರು ಹೇಳಿದ್ದರು. ಹಬ್ಬದ ನಂತರದ ಭಾನುವಾರ ಕೊನೆಯ ಪಂದ್ಯ. ಎದುರಾಳಿ ಕೆಸರೆಯ ಒಬ್ಬ ಹಲ್ಲಿನ ಡಾಕ್ಟರು. ಬೀಗರು ಅವರನ್ನು ಒಂದು ಸಲವೂ ಸೋಲಿಸಿರಲಿಲ್ಲ. "ಒಂದೇ ಒಂದು ಸಲ ಆ ಡಾಕ್ಟರ ಬಾಯಿ ಮುಚ್ಚಿಸ್ಬುಟ್ರೆ ಸಾಕು" ಎನ್ನುತ್ತಿದ್ದರು.

ನಡುವೆ ಆಯುಧಪೂಜೆ ಬಂತು. ನಾನು ಕಾರು ತೊಳೆದೆ. ನನ್ನ ಹೆಂಡತಿ ಕಾರಿನ ಪಾಲಿಶ್ ಡಬ್ಬಿ ಹಿಡಿದು ಒಳಗೆ ಹೋದಳು. ಪೂಜೆಗೆ ಕರೆದಾಗ ಹೋಗಿ ನೋಡಿದರೆ, ಕುಡುಗೋಲು, ಕತ್ತರಿ, ಮಿಕ್ಸಿಗಳ ನಡುವೆ ಬೀಗರ ಚೆಂಡು ಫಳಫಳ ಹೊಳೆಯುತ್ತಿತ್ತು. ಹಣೆ ಎಲ್ಲಿದೆಯೆಂದು ತಿಳಿಯದೆ ನಾಲ್ಕೂ ಕಡೆ ಕುಂಕುಮ. ಬೆರಳಿನ ತೂತುಗಳಲ್ಲಿ ಒಂದೊಂದು ಸೇವಂತಿಗೆ.

"ಬೀಗರ ಸಾಮಾನು ನಮ್ಮನೇಲಿ ಮಂಕು ಹಿಡ್ಕೊಂಡು ಕೂತಿದ್ರೆ ನೋಡ್ದೋರು ಏನಂತಾರೆ?" ಎಂದಳು. ನನಗೂ ಸರಿ ಅನ್ನಿಸಿತು.

ಭಾನುವಾರ ಬೀಗರು ಚೆಂಡಿನ ಬ್ಯಾಗನ್ನು ತೆರೆದೂ ನೋಡದೆ ಹಾಗೇ ಎತ್ತಿಕೊಂಡು ಹೊರಟರು. ನಾವೂ ಸಜ್ಜಪ್ಪದ ಡಬ್ಬಿಯೊಂದಿಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತೆವು. ಅಭ್ಯಾಸದ ಮೊದಲ ಎಸೆತ. ಚೆಂಡು ತಿರುಗಲೇ ಇಲ್ಲ. ಇಸ್ತ್ರಿ ಮಾಡಿದ ಗೆರೆಯ ಹಾಗೆ ನೆಟ್ಟಗೆ ಹೋಗಿ ಮೂಲೆಯ ಒಂದು ಪಿನ್ನನ್ನು ಮಾತಾಡಿಸಿ ಮರೆಯಾಯಿತು. ಅದು ವಾಪಸು ಬಂದಾಗ ಬೀಗರು ಅಂಗೈಯಿಂದ ಸವರಿ ನೋಡಿ ಕಣ್ಣು ಮುಚ್ಚಿದರು. ಆಟ ಶುರುವಾದ ಮೇಲೆ ಉಜ್ಜುವಂತಿಲ್ಲ, ಅದು ನಿಯಮ. ಇನ್ನೂ ಸ್ವಲ್ಪ ಸಮಯವಿತ್ತು. ಜೇಬಿನಿಂದ ಸ್ಯಾಂಡ್‌ಪೇಪರ್ ತೆಗೆದರು.

"ಬೀಗರೇ, ಹೊಳಪು ಹೇಗಿದೆ? ನಾನೇ ಕೈಯಾರೆ ಹಚ್ಚಿದ್ದು!" ಹೆಂಡತಿ ಕೂಗಿದಳು.

ಕಾಗದ ಜೇಬಿಗೆ ವಾಪಸು ಹೋಯಿತು.

"ಲಕ್ಷಣವಾಗಿದೆ ಕಣಮ್ಮ! ಈಗ ಇದರಲ್ಲೇ ಮೀಸೆ ನೋಡ್ಕೊಂಡೆ."

ನಾನು ಹತ್ತಿರ ಹೋಗಿ, "ಸುಮ್ನೆ ಉಜ್ಜಿಬಿಡಿ" ಎಂದು ಪಿಸುಗುಟ್ಟಿದೆ.

"ಬೀಗ್ತಿಯಮ್ಮನ ಎದುರ್ಗೆ ಎಂಗ್ರೀ ಉಜ್ಜಲಿ? ನಿಮ್ ಮಗಳು ಮಾಡಿದ ಸಾರಿಗೇ ನಾನು ಅವಳ ಎದುರ್ಗೆ ಉಪ್ಪು ಆಕ್ಕೊಳಲ್ಲ."

ಮುಂದಿನದನ್ನು ಮೂರು ಸಲ ಬರೆದೆ. ಮೂರರಲ್ಲೂ ಬೀಗರೇ ಗೆದ್ದರು. ಹಾಗಾಗಲಿಲ್ಲ. ನಿಲ್ಲುವ ಜಾಗ ಬದಲಿಸಿದರು, ವೇಗ ತಗ್ಗಿಸಿದರು, ಚೆಂಡಿನೊಂದಿಗೆ ತಾವೂ ಸೊಂಟ ತಿರುಗಿಸಿದರು. ಡಾಕ್ಟರೇ ಗೆದ್ದರು. ಕೂದಲೆಳೆಯಲ್ಲಿ ಸೋತರು ಎನ್ನುತ್ತಾಳೆ ಮಗಳು. ನನ್ನ ನೆನಪಿನಲ್ಲಿ ಅದು ಹಗ್ಗದಷ್ಟು ದಪ್ಪದ ಎಳೆ. ಬೀಗರು ಡಾಕ್ಟರ ಕೈಗೆ ಸಜ್ಜಪ್ಪ ಇಟ್ಟು, "ತಗೊಳಿ, ಹಲ್ಲು ಉಳುಕಾಗ್ಲಿ" ಎಂದು ಹರಸಿದರು. ಆಮೇಲೆ ಪಾರ್ಕಿಂಗಿನಲ್ಲಿ ನನಗೆ, "ಬೀಗ್ತಿಯಮ್ಮನಿಗೆ ಏಳ್ಬೇಡಿ" ಎಂದರು.

ಹೇಳಲಿಲ್ಲ. ಆಪರೇಷನ್ ಚೆನ್ನಾಗಿಯೇ ಆಯಿತು. ಮರುವರ್ಷ ಬೀಗರು ನಿದ್ದೆಯಲ್ಲೇ ಹೋಗಿಬಿಟ್ಟರು.

ಇಷ್ಟು ಬರೆದು, ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಹೆಂಡತಿಯ ಕೈಗೆ ಕೊಟ್ಟೆ. ಓದಿ ಮುಗಿಸಿ ಹಾಳೆಗಳನ್ನು ಮಡಚಿದಳು.

"ಕಾಗದ ಜೇಬಿಗೆ ಹಾಕ್ಕೊಂಡಾಗ್ಲೇ ನನಗೆ ಗೊತ್ತಾಯ್ತು ರೀ. ಉಜ್ಜಿ ಬೀಗರೇ ಅನ್ನೋಣ ಅಂತ ಎದ್ದೆ. ಅಷ್ಟರಲ್ಲಿ ಅವರು ನನ್ನ ಕಡೆ ತಿರುಗಿ ಕೈ ಮುಗಿದ್ಬುಟ್ರು. ಆಮೇಲೆ ಏನಂತ ಹೇಳ್ಲಿ?"

"ಕೈ ಮುಗಿಯೋದು ಎಲ್ಲಿಂದ ಬಂತು? ಎರಡು ಕೈಯಲ್ಲೂ ಚೆಂಡು ಹಿಡ್ಕೊಂಡಿದ್ರಲ್ಲ!"

"ಹೂಂ. ಚೆಂಡು ಹಿಡ್ಕೊಂಡೇ ಮುಗಿದ್ರು."